ಏಳು ದಿನದ ಹೊಳಪು

ಜೂನ್ 3

ಬೆಳಿಗ್ಗೆಯಿಂದ ನಾಲ್ಕು ಫೇಶಿಯಲ್. ಸೊಂಟ ಬಿದ್ದುಹೋಯಿತು. ಐದನೆಯವಳಿಗೆ ಸ್ಟೀಮರ್ ಹಾಕುವಷ್ಟರಲ್ಲಿ ಆ ಬಸ್ ಕಂಡಕ್ಟರ್ ಹೆಂಗಸು ಮತ್ತೆ ಬಂದಳು. ನಮ್ಮಲ್ಲಿ "ಏಳು ದಿನದ ಹೊಳಪು" ಕ್ರೀಮು ಒಯ್ದವಳು. ಕೆನ್ನೆ ಕೆಂಪಗೆ, ಸಿಪ್ಪೆ ಎದ್ದಿದೆ.

"ಹಚ್ಚಿದ್ರೆ ಸರಿ ಇರುತ್ತೆ, ಬಿಟ್ರೆ ಉರಿ. ಇದರಲ್ಲಿ ಏನು ಹಾಕಿದೀರಿ, ಹೇಳಿ."

ಕುರ್ಚಿಯಲ್ಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿದರು. ಪಾರ್ಲರ್ ಅಕ್ಕನದು, ಉತ್ತರವೂ ಅಕ್ಕನದೇ. "ಬಿಟ್ಟಿದ್ದಕ್ಕೇ ಹಾಗಾಗಿದ್ದು. ಒಳಗಿನ ಕೊಳೆ ಹೊರಗೆ ಬರ್ತಿದೆ. ಇನ್ನೊಂದು ಡಬ್ಬಿ ತಗೊಂಡು ಹೋಗಿ."

ನಾನೇ ಕವರಿಗೆ ಹಾಕಿ ಕೊಟ್ಟೆ. ತಲೆ ಎತ್ತಿ ನೋಡಲಿಲ್ಲ. ಶನಿ, ತೊಲಗಿತು.

ಜೂನ್ 6, ಮಧ್ಯಾಹ್ನ

ಕಂಡಕ್ಟರ್ ಒಳಗೆ ಬರುವುದಿಲ್ಲ ಈಗ. ಖಾಕಿಯಲ್ಲೇ ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ನಮ್ಮ ಮೆಟ್ಟಿಲು ಹತ್ತುವವರಿಗೆಲ್ಲ ಮುಖ ತೋರಿಸುತ್ತಾಳೆ. ಇಬ್ಬರು ಹಾಗೇ ವಾಪಸ್ ಹೋದರು. ಬಕೆಟ್ಟಿನ ನೀರು ತಂದು ಎರಚಬೇಕು ಅನ್ನಿಸಿತು...

ಜೂನ್ 14

ಬರೆಯಲು ಆಗಿರಲಿಲ್ಲ. ಹೊಸ ಸ್ಟಾಕ್ ತಡ, ನನ್ನ ಡಬ್ಬಿ ಖಾಲಿ. ಐದು ತಿಂಗಳಿಂದ ನಾನೂ ಹಚ್ಚುತ್ತಿದ್ದೆ — "ಬೇಕಾದ್ರೆ ನನ್ನ ಮುಖ ನೋಡಿ" ಎಂದು ಗಿರಾಕಿಗಳಿಗೆ ಹೇಳಲು ಅನುಕೂಲ. ಬಿಟ್ಟ ಮೂರನೇ ದಿನಕ್ಕೆ ತುರಿಕೆ. ಐದನೇ ದಿನಕ್ಕೆ ಉರಿ, ಒಲೆಗೆ ಮುಖ ಒಡ್ಡಿದ ಹಾಗೆ. ಕನ್ನಡಿಯಲ್ಲಿ ಆ ಕಂಡಕ್ಟರಿನದೇ ಕೆನ್ನೆ, ನನ್ನ ಕಣ್ಣು.

ಅಕ್ಕನಿಗೆ ತೋರಿಸಿದೆ. "ನಾಲ್ಕು ದಿನ ಕೌಂಟರಿಗೆ ಬರಬೇಡ. ಹಿಂದಿನ ರೂಮಲ್ಲಿ ಟವೆಲ್ ಮಡಚು," ಎಂದಳು. ಅಷ್ಟೇ.

ಜೂನ್ 15

ಹಿಂದಿನ ರೂಮಿನಲ್ಲಿ ಹೊಸ ಪೆಟ್ಟಿಗೆ ಒಡೆದೆ. ಹಚ್ಚಿಕೊಳ್ಳಲು ಕೈ ಹೋಯಿತು, ನಿಜ. ತಡೆದು, ಮೊದಲ ಸಲ ಡಬ್ಬಿ ಓದಿದೆ. "ನೂರಕ್ಕೆ ನೂರು ಹರ್ಬಲ್" — ದಪ್ಪ ಅಕ್ಷರ. ಯಾವ ಸೊಪ್ಪು, ಯಾವ ಎಣ್ಣೆ — ಒಂದೂ ಇಲ್ಲ. ತಯಾರಿಸಿದವರ ವಿಳಾಸ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ. ಹೋದ ವರ್ಷದ ಖಾಲಿ ಡಬ್ಬಿಗೂ ಇವತ್ತಿನದಕ್ಕೂ ಒಂದೇ ಬ್ಯಾಚ್ ನಂಬರ್. ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಇನ್ನೊಂದು ಸ್ಟಿಕ್ಕರ್, ಇನ್ನೊಂದು ಹೆಸರು.

ಅಷ್ಟರಲ್ಲಿ ಅಕ್ಕನ ಮಗಳು ಸ್ಕೂಲಿಂದ ಬಂದವಳು ತೆರೆದ ಡಬ್ಬಿಗೆ ಬೆರಳು ಅದ್ದಿದಳು. ಅಕ್ಕ ಓಡಿ ಬಂದು ಕೈಗೊಂದು ಬಾರಿಸಿ, ಸೋಪು ಹಾಕಿ ಬೆರಳು ತೊಳೆಸಿದಳು. ಎರಡು ಸಲ.

"ಗೊತ್ತಿತ್ತಾ ನಿನಗೆ?" ಎಂದೆ.

"ಮಕ್ಕಳಿಗೆ ಯಾಕೆ ಅದೆಲ್ಲ."

"ನೀನೂ ಹಚ್ಚಲ್ಲ."

"ನಿನಗೆ ಹಚ್ಚು ಅಂತ ನಾನು ಹೇಳಿದ್ನಾ?"

ಒಡಹುಟ್ಟಿದವಳು. ಹಾಳಾಗಿ ಹೋಗಲಿ.

ಜೂನ್ 18

ಚರ್ಮದ ಡಾಕ್ಟರ್ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. "ಸ್ಟೀರಾಯ್ಡ್ ಇರೋ ಹಾಗಿದೆ. ಲ್ಯಾಬಿಗೆ ಹೋಗದೆ ಖಚಿತ ಹೇಳಲ್ಲ. ವಾರದಲ್ಲಿ ಬೆಳ್ಳಗೆ ಮಾಡುತ್ತೆ ಅಂದಾಗಲೇ ಅನುಮಾನ ಬರಬೇಕಿತ್ತು. ಪಾರ್ಲರಲ್ಲೇ ಕೆಲಸ ಅಂತೀರಿ."

ಚೀಟಿ ತಗೊಂಡು ಎದ್ದೆ. ಹೊರಗೆ ಬಂದರೆ ಸಾಲಿನಲ್ಲಿ ಕಂಡಕ್ಟರ್.

"ಎಷ್ಟು ತಿಂಗಳು ನಿನಗೆ?"

"ಐದು."

"ನನಗೆ ಮೂರು. ಡ್ರಗ್ ಇನ್ಸ್‌ಪೆಕ್ಟರಿಗೆ ಕಂಪ್ಲೇಂಟ್ ಕೊಟ್ಟಿದೀನಿ. ನಿಮ್ಮಕ್ಕನ ಹೆಸರು ಬರೆದೆ. ನಿನ್ನದೂ ಬರೆದೆ."

ಮೊದಲೆಲ್ಲ 'ನೀವು' ಅನ್ನುತ್ತಿದ್ದಳು.

"ನಾನೂ ಮೋಸ ಹೋದವಳೇ," ಎಂದೆ.

"ಹಚ್ಚಿಕೊಳ್ಳೋವಾಗ ಮೋಸ ಹೋದೆ. ಕೊಡೋವಾಗ?"

ಉತ್ತರಕ್ಕೂ ಕಾಯಲಿಲ್ಲ. ಅವಳ ನಂಬರ್ ಕರೆದರು.

ಜೂನ್ 27, ಸಂಜೆ 4

ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದರು. ಪೆಟ್ಟಿಗೆಗಳಿಗೆ ಸೀಲ್. ಜೊತೆಗೆ ಕಂಡಕ್ಟರ್ — ಬಾಗಿಲಲ್ಲೇ ನಿಂತಿದ್ದಳು. "ಇವರಿಗೆ ಮಾರಿದ್ದು ಯಾರು?" ಎಂದು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿದಳು. ಕಂಡಕ್ಟರೂ. ಇಬ್ಬರೂ ಒಂದೇ ಸಲ.

"ಹೌದು," ಎಂದೆ.

ಹೇಳಿಕೆ ಬರೆದುಕೊಂಡರು. ಅಕ್ಕನಿಗೆ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ, ಅವಳ ಎದುರಿಗೇ. ಅಕ್ಕ ನೆಲಕ್ಕೆ ಉಗಿದಳು. ಓದಿ ಸಹಿ ಮಾಡಿ ಎಂದರು. ಓದಿದೆ. ಎಲ್ಲ ಸರಿ ಇತ್ತು, ಒಂದು ಮಾತು ಬಿಟ್ಟು. ಪೆನ್ನು ಇಸಿದುಕೊಂಡು ಕೊನೆಗೆ ನಾನೇ ಸೇರಿಸಿದೆ — ಇವರು ಮೊದಲ ಸಲ ಬಂದು ಮುಖ ತೋರಿಸಿದ ದಿನವೇ ನನಗೆ ಅನುಮಾನ ಬಂದಿತ್ತು, ಆದರೂ ಇನ್ನೊಂದು ಡಬ್ಬಿ ಕೊಟ್ಟೆ.