ಏಳುಹೂವಿನ ಅಂಗಿ

ಅವಾತೆನೋ, ವೆರಾಕ್ರೂಸ್
ಮೇ ೨೮

ಪ್ರೀತಿಯ ಎವರಿಸ್ತಾ ಅಕ್ಕಾ,

ಹೇಗಿದ್ದೀಯ? ಭಾವನ ಬೆನ್ನುನೋವು ಕಡಿಮೆಯಾಯಿತೇ? ಇಲ್ಲಿ ಅವ್ವನ ಕಣ್ಣು ಪೂರ್ತಿ ಹೋದಂತೆಯೇ. ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಬಿತ್ತನೆಗೆಂದು ದೇವರ ಪೀಠದಿಂದ ನಮ್ಮ ಜೋಳದ ಮಗು ಏಳುಹೂವನ್ನು ಇಳಿಸಿದೆ. ಧೂಪ ಹಾಕಿ, ಕೆಂಪು ರುಮಾಲು ಬಿಚ್ಚಿ, ಅವ್ವ ಕಸೂತಿ ಹಾಕಿದ ಆ ಪುಟ್ಟ ಅಂಗಿ ಕಳಚಿದೆ. ಒಳಗೆ ಏಳು ತೆನೆಗಳಿದ್ದವು, ನಮ್ಮವಲ್ಲ. ನಮ್ಮ ಕಪ್ಪು ಮೆಕ್ಕೆಜೋಳದ ಬದಲು ಅಂಗಡಿ ಬೀಜದ ಬಿಳಿಚಿಕೊಂಡ ತೆನೆಗಳು. ಬಿತ್ತುವ ದಿನದ ತನಕ ಅಂಗಿಯನ್ನು ಯಾರೂ ಬಿಚ್ಚುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಫೆಬ್ರವರಿಯ ಬೀಜದ ಹಬ್ಬಕ್ಕೆ ಬಂದು ಪೀಠದ ಪಕ್ಕ ಚಾಪೆ ಹಾಸಿಕೊಂಡು ಮಲಗಿದವಳು ನೀನೊಬ್ಬಳೇ.

ಅವತ್ತು ಅವ್ವ ಎರಡೆರಡು ಸಲ ಕೇಳಿದಳು, "ಬಿತ್ತಾಕೆ ಬೀಜ ಐತೇನೇ ನಿನ್ನತ್ರ?" ಅಟ್ಟದ ತುಂಬ ಇದೆ ಅಂದೆಯಲ್ಲ! ನಿನ್ನತ್ತೆ ಕಾಪಾಡಿಕೊಂಡು ಬಂದ ಬೀಜವನ್ನು ಹಂದಿಗೆ ಹಾಕಿ, ಮೂರು ವರ್ಷ ನೀನು ಅಂಗಡಿ ಬೀಜ ಬಿತ್ತಿ ಕೈ ಸುಟ್ಟುಕೊಂಡೆ ಎಂದು ನಿನ್ನ ನಾದಿನಿಯೇ ಸಂತೆಯಲ್ಲಿ ಹೇಳಿದಳು. ಕೇಳಿದ್ದರೆ ಬುಟ್ಟಿ ತುಂಬಿ ಕೊಡುತ್ತಿದ್ದೆವು, ಆಗ ನಮ್ಮ ಅಟ್ಟದಲ್ಲಿ ಬೀಜವಿತ್ತು. ಈಗ ಅದಕ್ಕೆ ನುಸಿ ಹಿಡಿದು ಹಿಟ್ಟಾಗಿದೆ. ಅಜ್ಜಿಯ ಕಾಲದ ಬೀಜ ಉಳಿದಿದ್ದದ್ದು ಆ ಏಳು ತೆನೆಗಳಲ್ಲೇ. ಹೊಲ ಹದ ಮಾಡಿಟ್ಟುಕೊಂಡು ಸುಮ್ಮನೆ ಕೂತಿದ್ದೇನೆ.

ಚಿಕ್ಕಂದಿನಲ್ಲಿ ನಾವು ಕೇಳುತ್ತಿದ್ದ ಕಥೆಯಲ್ಲಿ ಜೋಳದ ಮಗು ಏಳುಹೂವನ್ನು ಕೊಂದು ಹೂತವಳು ಅವನ ಸ್ವಂತ ಅಜ್ಜಿ. ಅದನ್ನು ಕೇಳಿ ನಾನು ಅಳುತ್ತಿದ್ದಾಗ ಕಣ್ಣೊರೆಸುತ್ತಿದ್ದವಳು ನೀನು. ಬೇರೆ ಯಾರಾದರೂ ಕದ್ದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀನು ಮೋಸ ಮಾಡಿದೆ ಅಕ್ಕಾ. ಅವ್ವನಿಗೆ ಇನ್ನೂ ಹೇಳಿಲ್ಲ.

ಭಾವನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ನಿನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನಿನ್ನ ತಂಗಿ,
ಫಿಲೊಮೆನಾ

ಮರೆತ ಮಾತು: ಪತ್ರ ಮಡಚುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ನೀನು ಹೊರಟ ದಿನವೇ ತಿಳಿದಿತ್ತಂತೆ. ದಿನಾ ಸಂಜೆ ಮಡಿಲಲ್ಲಿ ಆಡಿಸುವ ಮಗುವಿನ ತೂಕ ಕೈಗೆ ಗೊತ್ತಾಗುವುದಿಲ್ಲವೇ ಅಂದಳು. ಆದರೂ ಇಷ್ಟು ತಿಂಗಳು ಉಸಿರೆತ್ತದೆ ಆ ಬೇರೆ ತೆನೆಗಳನ್ನೇ ಆಡಿಸಿದ್ದಾಳೆ. ಈಗ ಅಂಗಿಯನ್ನೂ ರುಮಾಲನ್ನೂ ನನ್ನ ಕೈಗಿಟ್ಟಳು. "ಮಗೀನ ಬರೀಮೈಯಾಗೆ ಎತ್ಕೊಂಡು ಹೋಗವಳೆ. ಅವಳೂರಿನ ಬೆಟ್ಟದ್ ಮ್ಯಾಲೆ ಚಳಿ ಜಾಸ್ತಿ. ಇದನ್ನ ಕಳ್ಸು." ನಾನು ಬೇಡವೆಂದರೂ ಕೇಳಲಿಲ್ಲ, ಪತ್ರದ ಜೊತೆ ಕಳಿಸಿದ್ದೇನೆ. ಬೆಳೆ ಬಂದ ಮೇಲೆ ಏಳು ತೆನೆಗಳಿಗೆ ತೊಡಿಸಿ ನೀನೇ ಎತ್ತಿಕೊಂಡು ಬಾ. ಅಲ್ಲಿಯ ತನಕ ಅವ್ವನ ಮಡಿಲು ಖಾಲಿ ಇರುತ್ತದೆ.