ಶವ್ವಾಲ್ ಮೂವತ್ತೊಂದು

ಸವಣೂರು
ಹಿಜರಿ ೧೫೭೮, ಶವ್ವಾಲ್ ತಿಂಗಳ ಮೂವತ್ತೊಂದನೆಯ ದಿನ

ರಾಜಮಾ ಅಕ್ಕನಿಗೆ ದಾವಲಬಿಯ ಸಲಾಮು.

ಆ ಸಂಜೆ ನಾನು ಚಂದ್ರನನ್ನು ಕಂಡಿರಲಿಲ್ಲ. ಕಂಡೆ ಎಂದು ಊರಿಗೆಲ್ಲ ಹೇಳಿದೆ. ಒಂದು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ.

ಮೇಲಿನ ತಾರೀಖು ನೋಡಿ ನಿನಗೆ ನಗು ಬರಬಹುದು. ನಮ್ಮ ತಿಂಗಳಿಗೆ ಇಪ್ಪತ್ತೊಂಬತ್ತು ದಿನ, ಇಲ್ಲವಾದರೆ ಮೂವತ್ತು. ಮೂವತ್ತೊಂದು ಎಂಬುದು ನಿನ್ನ ಕಾಲದಲ್ಲಿ ಇರಲಿಲ್ಲ, ನಮ್ಮ ಕಾಲದಲ್ಲೂ ಇಲ್ಲ. ಈ ದಿನವನ್ನು ಹುಟ್ಟಿಸಿದವಳು ನಾನು. ನಿನ್ನನ್ನು ಅಕ್ಕ ಎಂದು ಕರೆದದ್ದಕ್ಕೂ ಕಾರಣ ಹೇಳಬೇಕು. ನೀನು ನನ್ನ ಮುತ್ತಜ್ಜಿ ಮೋದಿನಬಿಯ ಅಜ್ಜಿ. ಆದರೆ ಈ ಪತ್ರ ತಲುಪುವ ಹೊತ್ತಿಗೆ ನಿನಗಿನ್ನೂ ಇಪ್ಪತ್ತು, ಮದುವೆಯಾಗಿಲ್ಲ. ನನಗೆ ಹತ್ತೊಂಬತ್ತು. ಒಂದು ವರ್ಷ ದೊಡ್ಡವಳನ್ನು ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ. ನನ್ನ ಮಾತಿನಲ್ಲಿ ಕೆಲವು ಪದ ನಿನಗೆ ಹೊಸತು ಅನ್ನಿಸಿದರೆ ಕ್ಷಮಿಸು. ನಾನು ಓದನ್ನು ಅರ್ಧಕ್ಕೆ ಬಿಟ್ಟವಳು, ಇದಕ್ಕಿಂತ ಚೆಂದ ಬರೆಯಲು ಬಾರದು.

ಓದು ಬಿಟ್ಟದ್ದರ ಬಗ್ಗೆಯೂ ನಿಜ ಹೇಳಿಬಿಡುತ್ತೇನೆ. ನನ್ನನ್ನು ಕಲಿಮನೆಯವರು ಹೆಸರು ನೋಡಿ ಹೊರಗೆ ಹಾಕಿದರು ಎಂದು ನಮ್ಮವರು ನೆಂಟರ ಮುಂದೆ ಹೇಳುತ್ತಾರೆ. ಯಾರೂ ಹಾಕಲಿಲ್ಲ. ಒಂದೇ ಕಡೆ ಕೂರುವುದು ನನ್ನಿಂದ ಆಗದು, ಅದಕ್ಕೆ ಬಿಟ್ಟೆ. ಹೆಸರು ನೋಡಿ ಹುಬ್ಬೇರಿಸುವವರು ಇದ್ದರು, ಅದು ಬೇರೆ ಮಾತು. ಹೊಸದಾಗಿ ಬಂದ ಗುರುಗಳೊಬ್ಬರು, "ಎಷ್ಟು ಚಂದ ಕನ್ನಡ ಮಾತಾಡ್ತೀಯಲ್ಲ ನೀನು" ಎಂದರು. "ನೀವೂ ಚಂದ ಮಾತಾಡ್ತೀರಿ ಸರ್" ಎಂದೆ. ತರಗತಿಯೆಲ್ಲ ನಕ್ಕಿತು, ಅವರು ನಗಲಿಲ್ಲ. ಅರಳೆ ಹಿಂಜುವ ನದಾಫರ ಮನೆಯಲ್ಲಿ ಅವ್ವನ ಹಾಲಿನ ಜೊತೆ ಕನ್ನಡವೇ ಬಂದಿದ್ದು ಎಂದು ನೀನೂ ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೆಯಂತೆ. ನೂರಿಪ್ಪತ್ತೈದು ವರ್ಷವಾದರೂ ಆ ಪ್ರಶ್ನೆ ಸತ್ತಿಲ್ಲ ಅಕ್ಕ.

ಉಳಿದದ್ದು ಬಹಳ ಬದಲಾಗಿದೆ. ಈಗ ಬೇಸಿಗೆ ಆರು ತಿಂಗಳು. ಹಗಲಿಡೀ ನಾವು ತಂಪುನೆಲದಲ್ಲಿ ಇರುತ್ತೇವೆ, ಅಂದರೆ ಪ್ರತಿ ಮನೆಯ ಕೆಳಗೂ ಅಗೆದಿರುವ ಇನ್ನೊಂದು ಮನೆ. ಮಸೀದಿಗೂ ಒಂದು ಇದೆ, ಮಧ್ಯಾಹ್ನದ ನಮಾಜು ಅಲ್ಲಿಯೇ. ಮಾಳಿಗೆಯ ಮೇಲೆ ಮಂಜುಬಲೆ ಕಟ್ಟಿರುತ್ತೇವೆ. ಬೆಳಗಿನ ಜಾವ ಅದರಲ್ಲಿ ಹನಿಗೂಡಿದ ನೀರು ಹಂಡೆಗೆ ಇಳಿಯುತ್ತದೆ. ಆ ನೀರಿಗೆ ರುಚಿಯಿಲ್ಲ. ಮುತ್ತಜ್ಜಿ ಅದನ್ನು ಕುಡಿಯುವಾಗೆಲ್ಲ ನಿಮ್ಮ ಓಣಿಯ ಬಾವಿಯ ಉಪ್ಪುಪ್ಪು ನೀರನ್ನು ನೆನೆಸಿಕೊಳ್ಳುತ್ತಿದ್ದಳು. ಸವಣೂರಿನ ವೀಳ್ಯದೆಲೆ ಹೋಯಿತು, ಅರಳೆಯೂ ಹೋಯಿತು. ನಿಮ್ಮ ಗಾದಿ ಅಂಗಡಿಯ ಗೋಡೆಗೆ ನೇತುಹಾಕಿದ್ದ, ನಿನ್ನ ಅಜ್ಜನ ಹಿಂಜುವ ಬಿಲ್ಲು ಮಾತ್ರ ನನ್ನ ಬಳಿ ಇದೆ. ತಂತಿ ಎಳೆದು ಬಿಟ್ಟರೆ ಈಗಲೂ ಮೊರೆಯುತ್ತದೆ. ಅರಳೆ ಹಾರಿ ಕಣ್ಣರೆಪ್ಪೆಗೆ ಮೆತ್ತಿಕೊಂಡು ನಿಮ್ಮ ಮನೆಯವರೆಲ್ಲ ಒಂದೇ ದಿನದಲ್ಲಿ ಮುದುಕರಾದಂತೆ ಕಾಣುತ್ತಿದ್ದರಂತೆ. ನೋಡದ ಆ ಮನೆಯನ್ನು ನೆನೆಸಿ ನನಗೆ ಎಷ್ಟೋ ಸಲ ಅಳು ಬಂದಿದೆ.

ಆಕಾಶವೂ ನಿನ್ನದಲ್ಲ. ದೊಡ್ಡ ಊರುಗಳಿಗೆ ಬೆಳಕು ಬೇಕೆಂದು ಮೇಲಕ್ಕೆ ಕನ್ನಡಿಗಳನ್ನು ಕಳಿಸಿದ್ದಾರೆ. ಅವು ಸಂಜೆ ಹೊಳೆಯುವಾಗ ಎಳೆಯ ಚಂದ್ರನ ಹಾಗೆಯೇ ಕಾಣುತ್ತವೆ. ನಾವು ಹುಸಿಚಂದ್ರ ಎನ್ನುತ್ತೇವೆ. ಹಬ್ಬ ಯಾವತ್ತು ಎಂದು ಯಂತ್ರ ನೂರು ವರ್ಷ ಮೊದಲೇ ಹೇಳುತ್ತದೆ. ಆದರೆ ನಮ್ಮ ಊರಿನ ಮಸೀದಿ ಜಮಾತಿನವರು ಹಿಂದೆ ದೊಡ್ಡ ಜಗಳವಾಡಿ, ಕಣ್ಣಿಂದ ಕಂಡರೆ ಮಾತ್ರ ಹಬ್ಬ ಎಂದು ಗೊತ್ತುಮಾಡಿದರು. ಹುಸಿಚಂದ್ರಗಳ ನಡುವೆ ನಿಜವಾದದ್ದನ್ನು ಗುರುತಿಸುವವಳನ್ನು ನೋಟಗಾತಿ ಎನ್ನುತ್ತಾರೆ. ಅರಳೆಯಲ್ಲಿ ಕೂದಲಿನಷ್ಟು ಕಸ ಹುಡುಕಿದ ಕಣ್ಣು ಎಂದು ಆ ಕೆಲಸ ನಮ್ಮ ಮನೆಗೆ ಬಂತು. ಮುತ್ತಜ್ಜಿ ಐವತ್ತು ವರ್ಷ ನೋಡಿದಳು. ಆಮೇಲೆ ನಾನು. ನೋಟಗಾತಿಗೆ ಜಮಾತಿನದೇ ಒಂದು ಮನೆ ಕೊಡುತ್ತಾರೆ, ಮೇಲೆ ಪಡುವಣ ದಿಕ್ಕಿಗೆ ತೆರೆದ ಮಾಳಿಗೆ. ಸಾಕ್ಷಿ ಸುಳ್ಳಾದರೆ ಮನೆ ಬಿಡಬೇಕು.

ನನ್ನ ದೀನು-ಧರ್ಮದ ಬಗ್ಗೆಯೂ ನಿನಗೆ ಹೇಳಬೇಕು. ಐದು ಹೊತ್ತಿನ ನಮಾಜಿನಲ್ಲಿ ಮೂರು ಹೊತ್ತಾದರೂ ನನ್ನ ಮನಸ್ಸು ಎಲ್ಲೋ ಇರುತ್ತದೆ. ಆದರೆ ತಿಂಗಳಿಗೊಮ್ಮೆ ಆ ಮಾಳಿಗೆಯ ಮೇಲೆ ನಿಂತು, ರೆಪ್ಪೆ ಮಿಟುಕಿಸದೆ, ಒಂದು ತೆಳ್ಳನೆಯ ಗೆರೆಗಾಗಿ ಕಾಯುವಾಗ ನಾನು ಪೂರ್ತಿ ಅಲ್ಲಿಯೇ ಇರುತ್ತಿದ್ದೆ. ನನ್ನ ಇಬಾದತ್ತು, ನನ್ನ ಪ್ರಾರ್ಥನೆ, ಅಷ್ಟೇ. ಅದರಲ್ಲಿಯೇ ಸುಳ್ಳು ಹೇಳಿದೆ.

ಈ ರಮಜಾನಿನಲ್ಲಿ ಮುತ್ತಜ್ಜಿ ಹಾಸಿಗೆ ಹಿಡಿದಳು. ತೊಂಬತ್ನಾಲ್ಕು ವರ್ಷ. ಗಂಜಿಯೂ ಇಳಿಯುತ್ತಿರಲಿಲ್ಲ. "ಹಬ್ಬದ ಸುರಕುಂಬಾ ಎರಡ ಚಮಚಾ ಕುಡದು ಹೊಕ್ಕೀನಿ, ಅಲ್ಲೀತನಕ ಇರ್ತೀನಿ" ಎನ್ನುತ್ತಿದ್ದಳು. ಇಪ್ಪತ್ತೊಂಬತ್ತನೆಯ ದಿನ ಅವಳ ಉಸಿರು ಎಳೆಯತೊಡಗಿತು. ಸಂಜೆ ಮಾಳಿಗೆ ಏರಿದೆ. ಜೊತೆಗೆ ಎರಡನೆಯ ಸಾಕ್ಷಿ ಕಾಸೀಮಸಾಬ ಕಾಕಾ. ಸಾಕ್ಷಿ ಇಬ್ಬರದು ಬೇಕು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಎರಡು ಹುಸಿಚಂದ್ರ ಹೊಳೆದು ಹೋದವು. ನಿಜವಾದದ್ದು ಇರಲಿಲ್ಲ. ಕೆಳಗೆ ಮುತ್ತಜ್ಜಿ ಕೆಮ್ಮುವುದು ಕೇಳುತ್ತಿತ್ತು. ಇವಳು ನಾಳೆಯ ಸಂಜೆ ಕಾಣಲಾರಳು ಎಂದುಕೊಂಡೆ. "ಕಂಡೆ" ಎಂದೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿದ. "ನೀ ಕಂಡಿ ಅಂದ್ರ ನಾನೂ ಕಂಡಂಗ" ಎಂದ. ಇಬ್ಬರೂ ಕೆಳಗಿಳಿದು ಆಣೆಯಿಟ್ಟು ಹೇಳಿದೆವು. ಊರಿನಲ್ಲಿ ಹಬ್ಬದ ತಕಬೀರಿನ ಕೂಗು ಎದ್ದಿತು.

ಮುತ್ತಜ್ಜಿಗೆ ನಾನೇ ಹೇಳಿದೆ. ಅವಳು ಕಣ್ಣು ತೆರೆದು, "ಕೊಂಬು ಯಾವ ಕಡಿ ವಾಲಿತ್ತು?" ಎಂದು ಕೇಳಿದಳು. ನೋಟಗಾತಿಯರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಅದು. "ಎಡಕ್ಕ" ಎಂದೆ. ಆಮೇಲೆ "ಇಲ್ಲ, ಮ್ಯಾಲಕ್ಕ" ಎಂದೆ. ಅವಳು ನನ್ನ ಕೈ ಸವರಿದಳು.

ಮರುದಿನ ಬೆಳಿಗ್ಗೆ ಖರ್ಜೂರ, ಶಾವಿಗೆ ಹಾಕಿ ಸುರಕುಂಬಾ ಕುದಿಸಿ, ಆರಿಸಿ, ಚಮಚೆ ಅವಳ ತುಟಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು. "ಇವತ್ತ ಬ್ಯಾಡವ್ವಾ. ನಾಳೆ ಕುಡೀತೀನಿ." ಬಾಯಿರುಚಿ ಹೋಗಿದೆ ಎಂದುಕೊಂಡೆ. ಅದರ ಮರುದಿನ, ಸುತ್ತಲಿನ ಊರುಗಳಲ್ಲೆಲ್ಲ ಹಬ್ಬ ನಡೆಯುತ್ತಿದ್ದಾಗ, ತಾನೇ ಕೇಳಿ ಎರಡು ಚಮಚೆ ಕುಡಿದಳು. "ಸಕ್ರಿ ಕಡಿಮಿ ಆಗೇತಿ" ಎಂದಳು. ಅದಾಗಿ ಮೂರನೆಯ ದಿನ ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ತೀರಿಕೊಂಡಳು.

ಅವಳಿಗೆ ಎಲ್ಲ ಗೊತ್ತಿತ್ತು ಎಂದು ನಾನು ಆಣೆ ಮಾಡಲಾರೆ. ಕಂಡದ್ದನ್ನಷ್ಟೇ ಹೇಳುತ್ತೇನೆ: ಸುಳ್ಳು ಹಬ್ಬದ ದಿನ ಕುಡಿಯಲಿಲ್ಲ, ನಿಜವಾದ ದಿನ ಕುಡಿದಳು. ನಾನು ಒಂದು ದಿನ ಕಾದಿದ್ದರೆ ಸಾಕಿತ್ತು.

ಊರೂರಿಗೆ ಒಂದು ದಿನ ಹಿಂದುಮುಂದಾಗುವುದು ನಿಮ್ಮ ಕಾಲದಲ್ಲೂ ಇತ್ತಲ್ಲ, ಅದಕ್ಕೆ ಯಾರೂ ಅನುಮಾನಪಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮನೆ ಹೋಗುತ್ತಿತ್ತು. ಮುತ್ತಜ್ಜಿಯ ಹಾಸಿಗೆಯ ಗುಳಿ ಇನ್ನೂ ಹಾಗೇ ಇತ್ತು, ಅದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಹಬ್ಬದ ದಿನವೇ ಶವ್ವಾಲ್ ಒಂದು, ಅಲ್ಲಿಂದ ಎಣಿಸಿದರೆ ನಿನ್ನೆ ನಮ್ಮ ಲೆಕ್ಕಕ್ಕೆ ಶವ್ವಾಲ್ ಮೂವತ್ತು. ಹೊಸ ಚಂದ್ರ ಕಾಣಲೇಬೇಕು. ಮೋಡವಿಲ್ಲ, ಊರೆಲ್ಲ ಮಾಳಿಗೆಯ ಮೇಲೆ. ಚಂದ್ರ ಇರಲಿಲ್ಲ. ಅಂದರೆ ನಮ್ಮ ತಿಂಗಳು ಒಂದು ದಿನ ಮೊದಲೇ ಹುಟ್ಟಿತ್ತು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನು ಸುಳ್ಳು ಹೇಳುವವಳಲ್ಲ ಎಂದು ಊರಿಗೇ ಗೊತ್ತು. ಎಲ್ಲರೂ ಕಾಸೀಮಸಾಬ ಕಾಕಾನ ಮಾಳಿಗೆಯ ಕಡೆ ತಿರುಗಿದರು. "ಏನ ಕಾಕಾ, ಕನ್ನಡಿ ತೋರಿಸಿ ಹುಡುಗಿನ್ನ ದಾರಿ ತಪ್ಪಿಸಿದೇನು?" ಎಂದು ಯಾರೋ ಕೂಗಿದರು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, "ವಯಸ್ಸಾತಪಾ. ನಂದ ತಪ್ಪಿರಬೇಕು" ಎಂದ.

ಮನೆ ಹೋದರೆ ಹೋಗಲಿ ಅನ್ನಿಸಿದ್ದು ಆಗ.

ಇವತ್ತು ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಂಗಸರ ಸಾಲಿನಿಂದ ಎದ್ದು ನಿಂತು ಎಲ್ಲ ಹೇಳಿದೆ. ತಂಪುನೆಲದಲ್ಲಿ ಮಾತು ಗೋಡೆಗೆ ಬಡಿದು ಮತ್ತೆ ಬರುತ್ತದೆ. ನನ್ನ ಸುಳ್ಳನ್ನು ನಾನೇ ಎರಡೆರಡು ಸಲ ಕೇಳಿದೆ. ಪಕ್ಕದ ಮನೆಯ ಇಮಾಂಬಿ ಚಿಗವ್ವ, "ಅಂತೂ ಒಂದ ರೋಜಾ ತಿಂದು ಕುಂತೀವಿ ಅನ್ನು" ಎಂದಳು. ಜಮಾತಿನ ಹಿರಿಯರು ನಾಳೆ ಊರೆಲ್ಲ ತಪ್ಪಿಹೋದ ಆ ಒಂದು ದಿನದ ಉಪವಾಸ, ಆ ರೋಜಾ ಹಿಡಿಯಬೇಕೆಂದು ಗೊತ್ತುಮಾಡಿದರು. ನನ್ನನ್ನು ಯಾರೂ ಬೈಯಲಿಲ್ಲ, ಮನೆಯ ಕೀಲಿಕೈಗೆ ಕೈ ಚಾಚಿದರು ಅಷ್ಟೇ. ನಾಳೆ ಕೊಡುತ್ತೇನೆಂದೆ. ಹೊರಗೆ ಬಂದಾಗ ಕಾಕಾ ಮೆಟ್ಟಿಲ ಮೇಲೆ ಕೂತಿದ್ದ. "ನೀ ಕಾಣದ್ದ ಕಂಡೆ ಅಂದಿ. ನನಗ ಎರಡು ವರ್ಷದಿಂದ ಏನೂ ಕಾಣಂಗಿಲ್ಲ, ಅದನ್ನ ನಾ ಹೇಳಲಿಲ್ಲ. ನೀನರ ಎದ್ದು ನಿಂತಿ" ಎಂದ. ನಾನು ಅವನ ಕೈ ಹಿಡಿದು ಮನೆಯವರೆಗೆ ಬಿಟ್ಟು ಬಂದೆ.

ಈಗ ನಿನ್ನಲ್ಲಿ ಒಂದು ಕೇಳಿಕೆ. ಮುಂದೊಂದು ದಿನ ನೀನು ಅಜ್ಜಿಯಾಗಿ, ಮೋದಿನಬಿ ಎಂಬ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಂದ್ರನನ್ನು ತೋರಿಸುತ್ತೀಯೆ. ನಿನ್ನನ್ನು ಖುಷಿಪಡಿಸಲು ಅವಳು ಸುಳ್ಳೇ "ಕಂಡೆ" ಎನ್ನುತ್ತಾಳೆ. ಆಗ ನೀನು ಹೇಳುವ ಮಾತು ನಮ್ಮ ಮನೆಯಲ್ಲಿ ಈವರೆಗೂ ಉಳಿದಿದೆ: "ಕಾಣದಿದ್ರ ಕಾಣಲಿಲ್ಲ ಅನ್ನು. ಚಂದ್ರಗ ಅವಸರ ಇಲ್ಲ, ನಮಗ್ಯಾಕ?" ನನ್ನ ಕಥೆ ಗೊತ್ತಾಯಿತೆಂದು ಅದನ್ನು ಹೇಳದೆ ಬಿಡಬೇಡ. ಅವಳು ಅದನ್ನು ತೊಂಬತ್ನಾಲ್ಕನೆಯ ವಯಸ್ಸಿನವರೆಗೂ ನೆನಪಿಟ್ಟಳು. ನಾನು ಒಂದು ಸಂಜೆ ಮರೆತೆ.

ಈ ಪತ್ರ ಹೇಗೆ ತಲುಪೀತೋ ಗೊತ್ತಿಲ್ಲ. ನಮ್ಮ ಸವಣೂರಿನ ಮಠದ ದೊಡ್ಡಹುಣಸೆ ಮರ ಗೊತ್ತಲ್ಲ, ಹತ್ತು ಜನ ಕೈ ಕೈ ಹಿಡಿದರೂ ತಬ್ಬಲಾಗದ್ದು. ನಿನ್ನ ಕಾಲದ್ದರಲ್ಲಿ ಈಗಲೂ ನಿಂತಿರುವುದು ಅದೊಂದೇ. ಅದರ ಪೊಟರೆಯಲ್ಲಿ ಇಡುತ್ತೇನೆ. ಯಾವತ್ತಾದರೂ ಆ ಕಡೆ ಹೋದರೆ ಕೈ ಹಾಕಿ ನೋಡು.

ಬಳ್ಳಾರಿ ಕಡೆ ಮತ್ತೆ ಹತ್ತಿ ಬಿತ್ತಿದ್ದಾರಂತೆ, ಹಿಂಜಲು ಬಲ್ಲವರು ಬೇಕಂತೆ. ನನಗೆ ಬರುವುದಿಲ್ಲ. ಬಿಲ್ಲು ಇದೆ, ಅಲ್ಲಿಗೆ ಹೋಗಿ ಕಲಿಯುತ್ತೇನೆ. ಪ್ರಯಾಣದಲ್ಲಿ ಇರುವವರಿಗೆ ರೋಜಾ ಮಾಫಿ ಇದ್ದರೂ ನಾಳೆ ಹಿಡಿಯುತ್ತೇನೆ.

ಹಂಡೆ ತೊಳೆದು ಬೋರಲು ಹಾಕಿದ್ದೇನೆ. ಮುತ್ತಜ್ಜಿಯ ಹಾಸಿಗೆ ಸುತ್ತಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕೀಲಿಕೈ ಕೊಟ್ಟು ಹೊರಡುತ್ತೇನೆ.