ಅಜ್ಜಿಯ ಮಡಿಲಿನ ಎರಡು ವರ್ಷ

ಬೆರ್ಗಾಮೊ, ಇಟಲಿ
ನವೆಂಬರ್ ೧೩, ಗುರುವಾರ

ನನ್ನ ಅಮ್ಮಾ,

ಹೇಗಿದ್ದೀಯ? ಮೊಣಕಾಲಿಗೆ ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಎಂದಿನಂತೆ ನೆರೆಮನೆಯವರಿಗೆ ದಾನ ಮಾಡಿ ಕೂತಿದ್ದೀಯೋ? ಟೀಗೆ ಸಕ್ಕರೆ ಸುರಿದುಕೊಳ್ಳುವುದನ್ನು ನಿಲ್ಲಿಸಿದ್ದೀಯ ಅಂತ ಮಾಲಿಕ್ ಹೇಳಿದ. ತಮ್ಮನಾದರೂ ಅವನ ಮಾತು ನಂಬುವಷ್ಟು ದಡ್ಡಿ ನಾನಲ್ಲ. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಫೋನ್ ಬಿಟ್ಟು ಪತ್ರ ಯಾಕೆ ಅಂತ ಗಾಬರಿಯಾಗಬೇಡ. ಫೋನ್ ಮಾಡಿದರೆ ಮಾಲಿಕ್ ಸ್ಪೀಕರ್ ಹಾಕುತ್ತಾನೆ, ಅಂಗಳದಲ್ಲಿರುವವರೆಲ್ಲ ಬಂದು ಕೂರುತ್ತಾರೆ. ಅದಕ್ಕೇ ಚಿಕ್ಕಂದಿನಲ್ಲಿ ನೀನು ಕಲಿಸಿದ ಹಾಗೆ ನಮ್ಮ ವೊಲೊಫ್ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಾಳೆ ಲೂಗಾಕ್ಕೆ ಹೊರಟಿರುವ ನಮ್ಮೂರಿನವರ ಕೈಯಲ್ಲಿ ಕೊಡುತ್ತೇನೆ. ನೀನೊಬ್ಬಳೇ ಓದು.

ನಿನ್ನ ಹೆಸರಿನ ಮೊಮ್ಮಗಳಿಗೆ, ನಮ್ಮ ಪೆಂದಾಗೆ, ಹದಿನೆಂಟು ತುಂಬಿತು. ಇಲ್ಲಿನ ಕಾನೂನು ಹೀಗಿದೆ ಅಮ್ಮಾ: ಇಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮಂಥವರ ಮಕ್ಕಳು ಇಲ್ಲಿಯವರಾಗುವುದಿಲ್ಲ. ಹುಟ್ಟಿದಂದಿನಿಂದ ಹದಿನೆಂಟರವರೆಗೆ ಮಧ್ಯೆ ಎಲ್ಲೂ ಬಿಡದೆ ಇಲ್ಲೇ ವಾಸವಿದ್ದರೆ ಮಾತ್ರ ಪೌರತ್ವ ಕೇಳಬಹುದು. ಕೇಳಲು ಹೋದೆವು. ಪೆಂದಾ ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದಳು, ಕೂದಲನ್ನು ನಾನೇ ಹೆಣೆದಿದ್ದೆ. ಪುರಸಭೆಯ ಹೆಂಗಸಿನ ಜೊತೆ ಈ ಊರಿನ ಹಳ್ಳಿಮಾತಿನಲ್ಲೇ ಏನೋ ತಮಾಷೆ ಮಾಡಿದಳು, ಆಕೆ ಬಿದ್ದುಬಿದ್ದು ನಕ್ಕಳು. ಆಮೇಲೆ ಕಂಪ್ಯೂಟರ್ ನೋಡಿದಳು. "ಮಗೂ, ನೀನು ನಮ್ಮವಳೇ ಕಣೇ. ಆದರೆ ಎರಡು ವರ್ಷ ನಮ್ಮ ಹತ್ತಿರ ಇರಲಿಲ್ಲವಲ್ಲ," ಅಂದಳು.

ಯಾವ ಎರಡು ವರ್ಷ ಅಂತ ನಿನಗೆ ನಾನು ಹೇಳಬೇಕೆ? ಅಜ್ಜಿಯ ಹೆಸರು ಹೊತ್ತ ಮಗು ಎದೆಹಾಲು ಬಿಟ್ಟ ಮೇಲೆ ಅಜ್ಜಿಯ ಮಡಿಲಿಗೆ ಹೋಗಬೇಕು. ನಾನೂ ಹಾಗೇ ಬೆಳೆದವಳು. ಅದರಲ್ಲಿ ತಪ್ಪಿದೆ ಅಂತ ಆಗ ಯಾರೂ ಯೋಚಿಸಲಿಲ್ಲ, ಈಗಲೂ ನನಗೆ ತಪ್ಪು ಕಾಣುವುದಿಲ್ಲ. ಅವಳನ್ನು ನಿನ್ನ ಹತ್ತಿರ ಬಿಟ್ಟ ವರ್ಷವೇ ಪೊಲೀಸಿನವನೊಬ್ಬ ಯಾರ್ಯಾರು ವಾಸವಿದ್ದೀರಿ ಎಂದು ನೋಡಲು ಮನೆಗೆ ಬಂದಿದ್ದ. ಮಗು ಎಲ್ಲಿ ಅಂತ ಕೇಳಿದ. ನಿನ್ನ ಅಳಿಯ ಮೋರ್ ಎದೆಯುಬ್ಬಿಸಿಕೊಂಡು, "ಸೆನೆಗಲ್‌ನಲ್ಲಿ, ಅಜ್ಜಿ ಹತ್ರ! ಅಲ್ಲಿ ರಾಣಿ ಹಾಗೆ ಬೆಳೀತಿದಾಳೆ," ಅಂದ. ಬಂದವನಿಗೆ ಕಾಫಿ ಕೊಟ್ಟು, ನೀನು ಅವಳನ್ನು ಬೆನ್ನಿಗೆ ಕಟ್ಟಿಕೊಂಡ ಫೋಟೊವನ್ನೂ ತೋರಿಸಿದ. ಅವನು ಚೆನ್ನಾಗಿದೆ ಅಂತ ಹೊಗಳಿ ಹೋಗಿ, ಪುರಸಭೆಯ ನಿವಾಸಿಗಳ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿಸಿದ. ಮಗು ವಾಪಸ್ ಬಂದ ಮೇಲೆ ಮತ್ತೆ ಬರೆಸಿದೆವು, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಮೋರ್ ಈಗ ಊಟಕ್ಕೆ ಕೂತರೂ ಅದನ್ನೇ ನೆನೆಸಿಕೊಂಡು ಕೈ ತೊಳೆದು ಏಳುತ್ತಾನೆ.

ನಾನು ನೋಡಿಕೊಳ್ಳುವ ಮುದುಕಿ ಒರ್ನೆಲ್ಲಾಳ ಮನೆಯಲ್ಲಿ ಹೊತ್ತು ಹುಟ್ಟಿದರೆ ಟಿವಿಯಲ್ಲಿ ಇದೇ ಜಗಳ. ಹುಟ್ಟಿದ ಮಣ್ಣು ದೊಡ್ಡದೋ, ಅಪ್ಪನ ರಕ್ತ ದೊಡ್ಡದೋ ಅಂತ ಟೈ ಕಟ್ಟಿಕೊಂಡವರು ಕಿರುಚುತ್ತಾರೆ. ಆಕೆಯ ಮಗ ಮೊನ್ನೆ ನನ್ನೆದುರಿಗೇ, "ಆಸ್ಪತ್ರೆಯಲ್ಲಿ ಹುಟ್ಟಿದವರೆಲ್ಲ ಡಾಕ್ಟರ್ ಆಗಿಬಿಡ್ತಾರಾ?" ಅಂತ ಕೇಳಿದ. ಮುದುಕಿ ಸೂಪಿನ ಚಮಚ ಕೆಳಗಿಟ್ಟು, "ಅಯ್ಯೋ ಮಂಕೇ, ಹುಟ್ಟಿದ್ದು ಬಿಟ್ರೆ ನೀನು ಈ ದೇಶಕ್ಕೆ ಇನ್ನೇನು ಮಾಡಿದೀಯೋ?" ಅಂದಳು. ನಗು ಬಂತು, ಒಳಗೆ ಹೋಗಿ ಅತ್ತೆ. ಆಕೆಯ ಅಣ್ಣನ ಮೊಮ್ಮಗ ಅರ್ಜೆಂಟೀನಾದಲ್ಲಿದ್ದಾನೆ. ಈ ದೇಶದ ನೆಲ ಮೆಟ್ಟಿಲ್ಲ, ಭಾಷೆ ಬರುವುದಿಲ್ಲ, ಆದರೂ ರಕ್ತದ ಹೆಸರಿನಲ್ಲಿ ಇಲ್ಲಿಯ ಪಾಸ್‌ಪೋರ್ಟ್ ಮಾತ್ರ ಮನೆಗೇ ಹೋಯಿತು. ನಮ್ಮ ಪೆಂದಾ, ಲಿಫ್ಟ್ ಕೆಟ್ಟ ದಿನ ಇದೇ ಮುದುಕಿಯನ್ನು ತೋಳಿನಲ್ಲಿ ಎತ್ತಿಕೊಂಡು ಮೂರನೇ ಮಹಡಿಯಿಂದ ಇಳಿಸಿದವಳು, ಹುಟ್ಟಿದ ಊರಿನಲ್ಲೇ ವಿದೇಶಿಯರ ಸಾಲಿನಲ್ಲಿ ನಿಂತು ವಾಸದ ಪರವಾನಗಿ ಮಾಡಿಸಿಕೊಳ್ಳಬೇಕು. ಅವಳಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಬೆಂಕಿ ಆರಿಸುವುದಕ್ಕೂ ಪೌರರೇ ಆಗಬೇಕಂತೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂತ ಪೆನ್ನು ಹಿಡಿದು ಕೂತಿದ್ದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಆ ದಿನ ಪುರಸಭೆಯಿಂದ ಮನೆಗೆ ಬಂದ ಮೇಲೆ ಪೆಂದಾ, "ನನಗೆ ನೆನಪೇ ಇಲ್ಲದ ಎರಡು ವರ್ಷಕ್ಕೆ ನಂಗ್ಯಾಕಮ್ಮ ಶಿಕ್ಷೆ? ನಿನ್ನಮ್ಮನಿಗೆ ಆಡಿಸೋಕೆ ಒಂದು ಮಗು ಬೇಕಿತ್ತು, ಕೊಟ್ಟುಬಿಟ್ಟೆ," ಅಂದಳು. ಅಜ್ಜಿ ಅನ್ನಲಿಲ್ಲ, ನಿನ್ನಮ್ಮ ಅಂದಳು. ಕೈ ಎತ್ತಿದೆ, ಹೊಡೆಯಲಾಗಲಿಲ್ಲ. ನೀನು ಅವಳಿಗೆ ಸಜ್ಜೆ ಗಂಜಿ ಊದಿ ಊದಿ ತಿನ್ನಿಸಿದ್ದು, ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡಿದ್ದು ಅವಳಿಗೆ ಹೇಗೆ ಗೊತ್ತಿರಬೇಕು? ಅವಳು ವಾಪಸ್ ಬಂದಾಗ ನನ್ನನ್ನು "ಆಂಟಿ" ಅಂತ ಕರೆದು, ನೀನೇ ಬೇಕು ಅಂತ ಬಾಗಿಲಿಗೆ ತಲೆ ಚಚ್ಚಿಕೊಂಡಿದ್ದಳು. ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಗಿತ್ತು ಗೊತ್ತಾ? ಅದನ್ನು ಅವಳಿಗೆ ಹೇಳಿದೆ. ಕೇಳಿಸಿಕೊಂಡಳು, ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಮೇಲೆ ಮುನಿಸಿಕೊಳ್ಳಬೇಡ ಅಮ್ಮಾ, ಎದೆ ಒಡೆದುಕೊಂಡ ಮಗು ಅದು. ನಿನ್ನನ್ನೂ ನೀನು ದೂರಿಕೊಳ್ಳಬೇಡ. ನೀನು ಕೊಟ್ಟಿದ್ದು ಪ್ರೀತಿ, ಅದನ್ನು ಗೈರುಹಾಜರಿ ಅಂತ ಬರೆದುಕೊಂಡವರು ಇವರು.

ಮಾಲಿಕ್‌ಗೂ ಅವನ ಹೆಂಡತಿಗೂ ನಾನು ಕೇಳಿದೆ ಅಂತ ಹೇಳು. ಪ್ರಾರ್ಥನೆಯಲ್ಲಿ ಮೊದಲು ಪೆಂದಾಳ ಹೆಸರು ಹೇಳು, ಆಮೇಲೆ ನಮ್ಮದು. ದೇವರು ನಿನ್ನನ್ನು ನಮಗಾಗಿ ಇನ್ನೂ ಬಹಳ ಕಾಲ ಇಟ್ಟಿರಲಿ.

ನಿನ್ನ ಮಗಳು,
ಸೈನಬೂ

ಮತ್ತೆ: ಪತ್ರ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ. ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ಒಬ್ಬ ವಕೀಲೆ ಸಿಕ್ಕಿದ್ದಾಳೆ. ಮಗು ಬರೀ ರಜೆಗೆ ಹೋಗಿತ್ತು, ಪುರಸಭೆಯವರು ಅವಸರಪಟ್ಟು ಹೆಸರು ತೆಗೆದರು ಅಂತ ಸಾಧಿಸಿದರೆ ಒಂದು ದಾರಿಯಿದೆ ಅನ್ನುತ್ತಾಳೆ. ವಿಚಾರಿಸಲು ಇಲ್ಲಿಯ ಅಧಿಕಾರಿಗಳಿಂದ ನಿನಗೆ ಫೋನ್ ಬರಬಹುದು. ಪೆಂದಾಗೆ ಇದು ಗೊತ್ತಿಲ್ಲ. ಸುಳ್ಳಿನ ಪಾಪ ನನ್ನ ತಲೆಯ ಮೇಲಿರಲಿ. ಆ ಹುಡುಗಿಯನ್ನು ನಾನು ಸಾಕಲಿಲ್ಲ, ಒಂದು ತಿಂಗಳ ಮಟ್ಟಿಗೆ ಬಂದು ಹೋದಳು, ಮುಖವೂ ಸರಿಯಾಗಿ ನೆನಪಿಲ್ಲ ಅಂತ ಹೇಳಿಬಿಡು ಅಮ್ಮಾ. ಅಳದೆ ಹೇಳು.